ಹೈಪರ್‌ಲಿಂಕ್ ಕವಿತೆಯಲ್ಲಿ ಕೊಂಡಿ ಮಾಡುವ ಕೆಲಸ

ಪ್ರಶ್ನೆ: ಹಲವು ವರ್ಷಗಳಿಂದ ಕವಿತೆ ಬರೆಯುತ್ತಿದ್ದೇನೆ, ಪ್ರೋಗ್ರಾಮಿಂಗ್ ಬರುವುದಿಲ್ಲ. ಪದಗಳ ಮೇಲೆ ಕ್ಲಿಕ್ ಮಾಡುತ್ತ, ಓದುಗರೇ ದಾರಿ ಹಿಡಿದು ಓದುವ ಡಿಜಿಟಲ್ ಕವಿತೆಗಳ ವಿಷಯ ಇತ್ತೀಚೆಗೆ ತಿಳಿಯಿತು. ಇವು ನಿಜಕ್ಕೂ ಕವಿತೆಗಳೇ, ಇಲ್ಲವೇ ಕವಿತೆಯ ವೇಷ ತೊಟ್ಟ ಆಟಗಳೇ? ಕನ್ನಡದಲ್ಲಿ ಇಂಥದ್ದನ್ನು ಬರೆಯಬೇಕಾದರೆ ಎಲ್ಲಿಂದ ಆರಂಭಿಸಬೇಕು? ಬರೆದ ಮೇಲೆ ಅದನ್ನು ಮುದ್ರಿಸುವುದು ಸಾಧ್ಯವೇ?

ಉತ್ತರ: ಮೊದಲನೆಯ ಪ್ರಶ್ನೆಯನ್ನು ತೀರ್ಮಾನಿಸಲು ನಾನು ಬಳಸುವ ಪರೀಕ್ಷೆ ಸರಳವಾದದ್ದು. ಕೃತಿಯಲ್ಲಿರುವ ಕೊಂಡಿಗಳನ್ನೆಲ್ಲ, ಅಂದರೆ ಪದವನ್ನು ಒತ್ತಿದಾಗ ಬೇರೆ ಪುಟಕ್ಕೆ ಒಯ್ಯುವ ಲಿಂಕ್‌ಗಳನ್ನೆಲ್ಲ, ತೆಗೆದು, ಪುಟಗಳನ್ನು ಒಂದರ ಕೆಳಗೊಂದು ಜೋಡಿಸಿ ಓದಿ ನೋಡಿ. ಹಾಗೆ ಓದಿದಾಗ ಏನೂ ನಷ್ಟವಾಗದಿದ್ದರೆ ಅದು ಬೆರಳಿಗೆ ಕೆಲಸ ಕೊಡುವ ಸಾಧಾರಣ ಕವಿತೆ; ಕೊಂಡಿಯ ಜೊತೆಯಲ್ಲೇ ಅರ್ಥದ ಒಂದು ಪಾಲೂ ಹೊರಟುಹೋದರೆ ಅದು ಹೈಪರ್‌ಲಿಂಕ್ ಕವಿತೆ. ಈ ಪರೀಕ್ಷೆಯಲ್ಲಿ ಉಳಿಯುವ ಕೃತಿಗಳು ಹೆಚ್ಚಿಲ್ಲ. ಉಳಿದವು ಮಾತ್ರ ಮುದ್ರಿತ ಕವಿತೆಯ ಕೈಗೆ ಸುಲಭವಾಗಿ ಸಿಗದ ಒಂದು ಕೆಲಸವನ್ನು ಮಾಡುತ್ತವೆ: ಒಂದು ಪದವನ್ನು ಒತ್ತುವ ಮುನ್ನ ಓದುಗರು ಏನನ್ನು ನಿರೀಕ್ಷಿಸಿದರು ಎಂಬುದನ್ನೇ ಕವಿತೆಯ ಸಾಮಗ್ರಿಯನ್ನಾಗಿ ಮಾಡಿಕೊಳ್ಳುತ್ತವೆ.

ಕವಿಯಾದ ನೀವು ಸಾಲನ್ನು ಎಲ್ಲಿ ಮುರಿಯಬೇಕೆಂದು ಯೋಚಿಸಿದವರೇ. ಸಾಲು ಮುರಿದಲ್ಲಿ ಕಣ್ಣು ಕ್ಷಣಕಾಲ ನಿಲ್ಲುತ್ತದೆ, ಮುಂದಿನ ಪದವನ್ನು ಊಹಿಸುತ್ತದೆ, ಕೆಳಗಿನ ಸಾಲು ಆ ಊಹೆಯನ್ನು ನಿಜ ಮಾಡುತ್ತದೆ ಇಲ್ಲವೇ ತಪ್ಪಿಸುತ್ತದೆ. ಕೊಂಡಿಯೂ ಇಂಥದೇ ಒಂದು ಮುರಿತ. ಆದರೆ ಅದನ್ನು ದಾಟಬೇಕೋ ಬೇಡವೋ, ಯಾವಾಗ ದಾಟಬೇಕು ಎಂಬುದು ಓದುಗರಿಗೆ ಬಿಟ್ಟದ್ದು, ಮತ್ತು ದಾಟಿದ ಮೇಲೆ ಹಿಂದಿನ ಸಾಲು ಕಣ್ಣ ಮುಂದೆ ಇರುವುದಿಲ್ಲ, ನೆನಪಿನಲ್ಲಿ ಮಾತ್ರ ಇರುತ್ತದೆ. ಈ ಪ್ರಕಾರದ ಕಷ್ಟಸುಖಗಳೆಲ್ಲ ಬಹುಮಟ್ಟಿಗೆ ಇಲ್ಲಿಂದಲೇ ಹುಟ್ಟುತ್ತವೆ. ಹಾಗಾಗಿ ಹೊಸಬರಿಗೆ ನಾನು ಹೇಳುವುದು ಇಷ್ಟೇ: ಪುಟಗಳನ್ನು ಬರೆದು ಆಮೇಲೆ ಅವುಗಳಿಗೆ ಕೊಂಡಿ ಹಾಕಬೇಡಿ, ಕೊಂಡಿಯನ್ನು ಬರೆಯಿರಿ, ಪುಟಗಳು ಅದರ ಎರಡು ತುದಿಗಳಾಗಿ ಬರಲಿ.

ಡಿಜಿಟಲ್ ಕಾವ್ಯ ಎಂಬ ಹೆಸರಿನಡಿ ಬೇರೆ ಬಗೆಗಳೂ ಇವೆ. ಪ್ರೋಗ್ರಾಮೇ ಪದಗಳನ್ನು ಜೋಡಿಸುವ ಕವಿತೆಗಳಿವೆ. ಕ್ರಿಸ್ಟೋಫರ್ ಸ್ಟ್ರೇಚಿ 1952ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಕಂಪ್ಯೂಟರ್‌ನಿಂದ ಪ್ರೇಮಪತ್ರ ಬರೆಸಿದ್ದರಿಂದ ಅವುಗಳ ಇತಿಹಾಸ ಮೊದಲಾಗುತ್ತದೆ. ಅಕ್ಷರಗಳು ಪರದೆಯ ಮೇಲೆ ಚಲಿಸುವ ಕವಿತೆಗಳಿವೆ. ಅವು ನಿಮ್ಮ ಪ್ರಶ್ನೆಯ ವ್ಯಾಪ್ತಿಗೆ ಬರುವುದಿಲ್ಲ. ನಾವು ಮಾತನಾಡುತ್ತಿರುವುದು ಕವಿಯೇ ಬರೆದ ಬಿಡಿ ಪುಟಗಳು, ಅವುಗಳನ್ನು ಬೆಸೆಯುವ ಕೊಂಡಿಗಳು, ಆ ಕೊಂಡಿಗಳ ನಡುವೆ ದಾರಿ ಮಾಡಿಕೊಳ್ಳುವ ಓದುಗರು, ಈ ಮೂರರಿಂದ ಆಗುವ ಕವಿತೆಯ ಬಗ್ಗೆ.

ಒಂದು ಸಣ್ಣ ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಈ ಉತ್ತರಕ್ಕಾಗಿಯೇ ಬರೆದ ಮೂರು ಸಾಲುಗಳಿವು. ಇವನ್ನು ಮೊದಲ ಪುಟವೆಂದು ತಿಳಿಯಿರಿ.

ಬಾಗಿಲು ತೆರೆದೇ ಇದೆ.
ಮೇಜಿನ ಮೇಲೆ ಅರ್ಧ ಬರೆದ ಕಾಗದ.
ಹೋಗುವಾಗ ಅವಳು ದೀಪವನ್ನೂ ಆರಿಸಲಿಲ್ಲ.

ಇಲ್ಲಿ ಯಾವ ಪದಕ್ಕೆ ಕೊಂಡಿ ಹಾಕಬೇಕು? ಹೊಸದಾಗಿ ಬರೆಯುವ ಬಹುತೇಕರ ಕೈ ‘ಕಾಗದ’ ಎಂಬ ಪದಕ್ಕೆ ಹೋಗುತ್ತದೆ. ಅದನ್ನು ಒತ್ತಿದರೆ ಕಾಗದದಲ್ಲಿ ಬರೆದಿರುವ ವಿಷಯ ತೆರೆದುಕೊಳ್ಳುತ್ತದೆ. ವಸ್ತುವಿನ ಹೆಸರನ್ನು ಒತ್ತಿದಾಗ ವಸ್ತುವನ್ನೇ ತೋರಿಸುವುದು ವಿಶ್ವಕೋಶದ ಕೊಂಡಿಗೆ ಒಪ್ಪುವ ರೀತಿ. ಅಲ್ಲಿ ನಿರೀಕ್ಷೆ ನಿಜವಾಗಲೇಬೇಕು, ಆಗದಿದ್ದರೆ ಕೊಂಡಿ ಕೆಟ್ಟಿದೆ ಎಂದೇ ಅರ್ಥ. ಕವಿತೆಯಲ್ಲಿ ಅದು ಅಡಿಟಿಪ್ಪಣಿಯಾಗಿಬಿಡುತ್ತದೆ. ಅದರ ಬದಲು ‘ಅರ್ಧ’ ಎಂಬ ಪದಕ್ಕೆ ಕೊಂಡಿ ಹಾಕಿ, ಹೀಗೊಂದು ಪುಟಕ್ಕೆ ಕಳುಹಿಸಿ ನೋಡಿ:

ಉಳಿದರ್ಧವನ್ನು ನಾನು ಬರೆಯದಿರಲೆಂದು
ಲೇಖನಿಯನ್ನು ಒಯ್ದಿದ್ದಾಳೆ.

‘ಅರ್ಧ’ವನ್ನು ಒತ್ತಿದವರು ಉಳಿದರ್ಧವನ್ನು ಬೇಡಿದವರು. ಅವರಿಗೆ ಸಿಕ್ಕಿದ್ದು ಉಳಿದರ್ಧದ ನಿರಾಕರಣೆ, ಮತ್ತು ಅದು ಕಥನದೊಳಗಿನ ‘ನಾನು’ ಅನುಭವಿಸಿದ ನಿರಾಕರಣೆಯೇ ಆಗಿದೆ. ಬೆರಳು ಮಾಡಿದ ಕೆಲಸಕ್ಕೂ ಸಾಲು ಹೇಳುವ ಮಾತಿಗೂ ಹೀಗೆ ಸಂಬಂಧ ಬಿದ್ದಾಗ ಕೊಂಡಿ ತನ್ನ ಕೆಲಸವನ್ನು ಮಾಡಿತು ಎನ್ನಬಹುದು. ಇದೇ ಎರಡು ಪುಟಗಳನ್ನು ಕಾಗದದ ಮೇಲೆ ಒಂದರ ಕೆಳಗೊಂದು ಮುದ್ರಿಸಿದರೆ ಸಾಲುಗಳು ಅವೇ ಇರುತ್ತವೆ, ಬೇಡಿಕೆ ಮಾತ್ರ ಇರುವುದಿಲ್ಲ.

ಇನ್ನೊಂದು ಕೊಂಡಿಯನ್ನು ‘ಆರಿಸಲಿಲ್ಲ’ ಎಂಬ ಕ್ರಿಯಾಪದಕ್ಕೆ ಹಾಕಬಹುದು:

ಎರಡು ದಾರಿಗಳಿದ್ದವು.
ನಾನೂ ಒಂದನ್ನೂ

ಈ ಪುಟದಲ್ಲಿ ಕ್ರಿಯಾಪದವಿಲ್ಲ. ಓದುಗರು ತಾವು ಒತ್ತಿ ಬಂದ ಪದವನ್ನೇ ಇಲ್ಲಿಗೆ ಹೊತ್ತು ತಂದು ವಾಕ್ಯವನ್ನು ಮುಗಿಸಬೇಕು. ಮುಗಿಸುವಾಗ ದೀಪ ನಂದಿಸುವ ‘ಆರಿಸು’ ಹೋಗಿ ಆಯ್ದುಕೊಳ್ಳುವ ‘ಆರಿಸು’ ಬಂದಿರುತ್ತದೆ. ಶ್ಲೇಷ ನಮ್ಮ ಕಾವ್ಯಕ್ಕೆ ಹೊಸದಲ್ಲ, ಆದರೆ ಹಳೆಯ ಶ್ಲೇಷದಲ್ಲಿ ಎರಡು ಅರ್ಥಗಳೂ ಒಂದೇ ಜಾಗದಲ್ಲಿ ಕುಳಿತಿರುತ್ತಿದ್ದವು. ಇಲ್ಲಿ ಒಂದು ಅರ್ಥ ಈ ಪುಟದಲ್ಲಿ, ಇನ್ನೊಂದು ಆ ಪುಟದಲ್ಲಿ, ನಡುವೆ ಓದುಗರ ಬೆರಳು. ಮೊದಲ ಸಾಲಿನ ‘ಬಾಗಿಲು’ ಪದಕ್ಕೆ ನಾನು ಉದ್ದೇಶಪೂರ್ವಕವಾಗಿಯೇ ಕೊಂಡಿ ಹಾಕಿಲ್ಲ. ತೆರೆದೇ ಇದೆ ಎಂದು ಹೇಳಿಸಿಕೊಂಡ ಬಾಗಿಲನ್ನು ಎಷ್ಟು ಸಲ ಒತ್ತಿದರೂ ಯಾವ ಪುಟವೂ ಬರುವುದಿಲ್ಲ. ಇರಬೇಕಾದಲ್ಲಿ ಇಲ್ಲದ ಕೊಂಡಿಯನ್ನು ಮಾರ್ಕ್ ಬರ್ನ್‌ಸ್ಟೈನ್ 1998ರಲ್ಲಿ ಹೈಪರ್‌ಟೆಕ್ಸ್ಟ್‌ನ, ಅಂದರೆ ಕೊಂಡಿಗಳಿಂದ ಬೆಸೆದ ಬರಹದ, ವಿನ್ಯಾಸಗಳನ್ನು ಪಟ್ಟಿಮಾಡಿದಾಗ ಒಂದು ಪ್ರತ್ಯೇಕ ವಿನ್ಯಾಸವೆಂದೇ ಗುರುತಿಸಿದ್ದರು.

ಕನ್ನಡದಲ್ಲಿ ಬರೆಯುವವರಿಗೆ ನಮ್ಮ ವ್ಯಾಕರಣ ಇಲ್ಲಿ ದೊಡ್ಡ ಅನುಕೂಲ ಮಾಡಿಕೊಡುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೇಲಿನ ಉದಾಹರಣೆಯಲ್ಲಿ ‘ಅವಳು ಆರಿಸಲಿಲ್ಲ’ ಎಂಬುದರಿಂದ ‘ನಾನೂ ಆರಿಸಲಿಲ್ಲ’ ಎಂಬುದಕ್ಕೆ ದಾಟಲು ಸಾಧ್ಯವಾದದ್ದು ‘ಇಲ್ಲ’ ಸೇರಿದ ನಿಷೇಧರೂಪಕ್ಕೆ ಲಿಂಗ, ವಚನ, ಪುರುಷಗಳ ಹಂಗು ಇಲ್ಲದಿರುವುದರಿಂದ. ಅದೇ ‘ಆರಿಸಿದಳು’ ಎಂದಿದ್ದರೆ ಆ ಪದವನ್ನು ಮುಂದಿನ ಪುಟದ ‘ನಾನು’ ಹೊರಲಾರದು. ಒಂದೇ ಪುಟಕ್ಕೆ ಮೂರು ನಾಲ್ಕು ಕಡೆಯಿಂದ ಓದುಗರು ಬರುವಾಗ ಇದು ಸಣ್ಣ ವಿಷಯವಲ್ಲ. ‘ಬಂದಳು’ ಎಂದು ಆರಂಭವಾಗುವ ಪುಟಕ್ಕೆ ಒಬ್ಬ ಹೆಣ್ಣಿನ ಪ್ರಸ್ತಾಪವಿರುವ ಪುಟದಿಂದ ಮಾತ್ರ ಸಹಜವಾಗಿ ಬರಬಹುದು. ‘ಬಂದದ್ದು’ ಎಂದೋ ‘ಬಂದಾಗ’ ಎಂದೋ ಆರಂಭವಾಗುವ ಪುಟಕ್ಕೆ ಎಲ್ಲಿಂದ ಬೇಕಾದರೂ ಬರಬಹುದು.

ಇದಕ್ಕಿಂತಲೂ ಉಪಯುಕ್ತವಾದದ್ದು ಭೂತಕೃದಂತಾವ್ಯಯ, ಅಂದರೆ ‘ಬಂದು’, ‘ನೋಡಿ’, ‘ತೆರೆದು’ ಎಂಬಂಥ ಅಪೂರ್ಣ ಕ್ರಿಯೆ. ಒಂದು ಪುಟ ‘ಕಿಟಕಿಯನ್ನು ತೆರೆದು’ ಎಂಬಲ್ಲಿಗೆ ಮುಗಿಯಲಿ. ಕಿಟಕಿ ತೆರೆದವರು ಯಾರೆಂದು ಆ ಪುಟದಲ್ಲಿ ಹೇಳಿಲ್ಲ, ಹೇಳದಿದ್ದರೂ ಕನ್ನಡದ ಕಿವಿಗೆ ಕೊರತೆಯೆನಿಸುವುದಿಲ್ಲ. ‘ಕಿಟಕಿಯನ್ನು’ ಒತ್ತಿದರೆ ‘ಇರುಳೆಲ್ಲ ಕಾದಳು’ ಎಂಬ ಪುಟ, ‘ತೆರೆದು’ ಒತ್ತಿದರೆ ‘ಇರುಳೆಲ್ಲ ಕಾದೆವು’ ಎಂಬ ಪುಟ ಬರುವಂತೆ ಮಾಡಿದರೆ, ಈಗಾಗಲೇ ಓದಿ ಮುಗಿಸಿದ ಪುಟದಲ್ಲಿ ಕಿಟಕಿ ತೆರೆದವರು ಯಾರು ಎಂಬುದು ಮುಂದಿನ ಪುಟಕ್ಕೆ ಹೋದ ಮೇಲೆ ತೀರ್ಮಾನವಾಗುತ್ತದೆ. ಕರ್ತೃಪದ ಸಾಮಾನ್ಯವಾಗಿ ವಾಕ್ಯದ ಆರಂಭದಲ್ಲೇ ಬಂದು ಕೂರುವ ಇಂಗ್ಲಿಷಿನಲ್ಲಿ ಇದನ್ನು ಸಾಧಿಸಲು ಕವಿಗಳು ಹೆಣಗಬೇಕಾಗುತ್ತದೆ. ಕ್ರಿಯಾಪದ ಕೊನೆಗೆ ಬರುವ ಭಾಷೆಯಲ್ಲಿ ಬರೆಯುವವರು ಈ ಅವಕಾಶವನ್ನು ಬಿಟ್ಟುಕೊಟ್ಟು, ಇಂಗ್ಲಿಷ್ ಮಾದರಿಗಳಂತೆ ನಾಮಪದಗಳಿಗಷ್ಟೇ ನೀಲಿ ಬಣ್ಣ ಹಚ್ಚುತ್ತ ಹೋಗುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ.

ಇತಿಹಾಸವನ್ನು ಸ್ವಲ್ಪ ತಿಳಿದಿದ್ದರೆ ಯಾವುದು ಹೊಸತು, ಯಾವುದು ಆಗಲೇ ಆಗಿಹೋಗಿದೆ ಎಂಬುದು ಸ್ಪಷ್ಟವಾಗುತ್ತದೆ. ಓದುಗರ ಕೈಯಲ್ಲಿ ಜೋಡಣೆಯನ್ನು ಬಿಡುವ ಆಸೆ ಕಂಪ್ಯೂಟರ್‌ಗಿಂತ ಹಳೆಯದು. ಸಂಸ್ಕೃತ ಕವಿ ಭಾರವಿಯ ಕಿರಾತಾರ್ಜುನೀಯದ 15ನೆಯ ಸರ್ಗದಲ್ಲಿರುವ ಸರ್ವತೋಭದ್ರ ಎಂಬ ಬಗೆಯ ಪದ್ಯವನ್ನು ಹಲವು ದಿಕ್ಕುಗಳಿಂದ ಓದಬಹುದು. 1961ರಲ್ಲಿ ಫ್ರೆಂಚ್ ಲೇಖಕ ರೇಮೋ ಕೆನೋ ಹತ್ತು ಸಾನೆಟ್ಟುಗಳ ಒಂದು ಪುಸ್ತಕ ಮಾಡಿ, ಪ್ರತಿ ಪುಟದ 14 ಸಾಲುಗಳನ್ನೂ ಬೇರೆ ಬೇರೆ ಪಟ್ಟಿಗಳಾಗಿ ಕತ್ತರಿಸಿಟ್ಟರು. ಯಾವ ಸಾಲಿನೊಡನೆ ಯಾವ ಸಾಲನ್ನಾದರೂ ಸೇರಿಸಿ ಓದಬಹುದಾದ್ದರಿಂದ ಒಟ್ಟು ಕೋಟಿ ಕೋಟಿ ಸಾನೆಟ್ಟುಗಳಾಗುತ್ತವೆ, ಮತ್ತು ನಿಮಿಷಕ್ಕೊಂದರಂತೆ ಹಗಲಿರುಳು ಓದಿದರೂ ಮುಗಿಯಲು ಸುಮಾರು 19 ಕೋಟಿ ವರ್ಷ ಬೇಕು. ಇದಕ್ಕಿಂತ ನಮಗೆ ಹತ್ತಿರದ ಪಾಠ ಶೂನ್ಯಸಂಪಾದನೆಯಲ್ಲಿದೆ ಎಂದು ನನಗನ್ನಿಸುತ್ತದೆ. ಬಿಡಿಬಿಡಿಯಾಗಿ ಹುಟ್ಟಿದ ವಚನಗಳನ್ನು ಸಂವಾದವಾಗಿ ಜೋಡಿಸಿದ ಆ ಕೃತಿ ನಾಲ್ವರು ಸಂಪಾದಕರ ಕೈಯಲ್ಲಿ ನಾಲ್ಕು ರೂಪಗಳನ್ನು ಪಡೆದಿದೆ. ಹಿಂದೆ ಯಾವ ವಚನವಿದೆ ಎಂಬುದರ ಮೇಲೆ ಒಂದು ವಚನದ ಧ್ವನಿ ಹೇಗೆ ಬದಲಾಗುತ್ತದೆ ಎಂಬುದನ್ನು ಅಲ್ಲಿ ಕಣ್ಣಾರೆ ಕಾಣಬಹುದು. ಹೈಪರ್‌ಲಿಂಕ್ ಕವಿತೆಯಲ್ಲಿ ಆ ಸಂಪಾದಕರ ಕೆಲಸದ ಒಂದು ಪಾಲು ಓದುಗರಿಗೆ ಹೋಗುತ್ತದೆ.

‘ಹೈಪರ್‌ಟೆಕ್ಸ್ಟ್’ ಎಂಬ ಪದವನ್ನು 1965ರ ಒಂದು ಪ್ರಬಂಧದಲ್ಲಿ ಬಳಕೆಗೆ ತಂದವರು ಟೆಡ್ ನೆಲ್ಸನ್. ಅದು ಕವಿಗಳ ಕೈಗೆ ಬಂದದ್ದು 1987ರಲ್ಲಿ, ಆಪಲ್ ಕಂಪನಿ ಬಿಲ್ ಅಟ್ಕಿನ್ಸನ್ ರೂಪಿಸಿದ ಹೈಪರ್‌ಕಾರ್ಡ್ ಎಂಬ, ಪುಟಗಳನ್ನು ಕೊಂಡಿಗಳಿಂದ ಬೆಸೆಯುವ ತಂತ್ರಾಂಶವನ್ನು ಮ್ಯಾಕಿಂಟಾಷ್ ಕಂಪ್ಯೂಟರ್‌ಗಳ ಜೊತೆಗೇ ಕೊಡಲಾರಂಭಿಸಿದಾಗ. ನಿಮ್ಮಂತೆ ಮುದ್ರಣದಿಂದ ಬಂದ ಕವಿಗಳಲ್ಲಿ ನಾನು ಮೊದಲು ಹೆಸರಿಸುವುದು ವಿಲಿಯಂ ಡಿಕಿ ಅವರನ್ನು. 1959ರಲ್ಲಿ ಡಿಕಿ ಅವರ ಮೊದಲ ಸಂಕಲನವನ್ನು ಕವಿ ಡಬ್ಲ್ಯೂ. ಎಚ್. ಆಡೆನ್ ಯೇಲ್ ವಿಶ್ವವಿದ್ಯಾಲಯದ ಯುವಕವಿ ಮಾಲಿಕೆಗೆ ಆಯ್ದಿದ್ದರು. ಅದಾದ ಮೂರು ದಶಕಗಳ ಬಳಿಕ ಡಿಕಿ ಹೈಪರ್‌ಕಾರ್ಡ್‌ನಲ್ಲಿ ಕವಿತೆ ಬರೆಯತೊಡಗಿದರು. 1994ರಲ್ಲಿ ಅವರು ತೀರಿಕೊಂಡಾಗ ಆ ಕವಿತೆಗಳು ಪ್ರಕಟವಾಗಿರಲಿಲ್ಲ. 2020ರಲ್ಲಿ, ಹಳೆಯ ಮ್ಯಾಕಿಂಟಾಷ್ ಅನ್ನು ಅನುಕರಿಸುವ ತಂತ್ರಾಂಶದ ನೆರವಿನಿಂದ, ಇಂಟರ್ನೆಟ್ ಆರ್ಕೈವ್‌ನಲ್ಲಿ ಅವು ಓದಲು ಸಿಕ್ಕವು.

ಅಮೆರಿಕದ ಈಸ್ಟ್‌ಗೇಟ್ ಎಂಬ ಪ್ರಕಾಶನ ಸಂಸ್ಥೆ 1990ರ ದಶಕದಲ್ಲಿ ಇಂಥ ಕೃತಿಗಳನ್ನು ಡಿಸ್ಕ್‌ಗಳಲ್ಲಿ ಮಾರಿತು. ಡೀನಾ ಲಾರ್ಸೆನ್ ಅವರ ಮಾರ್ಬಲ್ ಸ್ಪ್ರಿಂಗ್ಸ್ 1993ರಲ್ಲಿ ಬಂತು. ಕೊಲರಾಡೊದ ಒಂದು ಕಲ್ಪಿತ ಗಣಿ ಊರಿನ ಹೆಂಗಸರ ಬದುಕನ್ನು ಹೇಳುವ ಅದರ ಕವಿತೆಗಳನ್ನು ಆ ಹೆಂಗಸರ ನಡುವಿನ ಸಂಬಂಧಗಳೇ ಕೊಂಡಿಗಳಾಗಿ ಬೆಸೆಯುತ್ತವೆ, ಮತ್ತು ಓದುಗರು ತಾವೂ ಬರೆದು ಸೇರಿಸಲು ಅಲ್ಲಿ ಜಾಗವಿತ್ತು. ಅದೇ ವರ್ಷದ ಇಂಟರ್‌ಗ್ರಾಮ್ಸ್‌ನಲ್ಲಿ ಜಿಮ್ ರೋಸೆನ್‌ಬರ್ಗ್ ಪದಗಳನ್ನು ಒಂದರ ಮೇಲೊಂದು ಹೇರಿಟ್ಟರು. ಮೊದಲ ನೋಟಕ್ಕೆ ಕಪ್ಪು ಗೋಜಲು. ಮೌಸ್ ಅತ್ತಿತ್ತ ಸರಿದಂತೆ ಒಂದೊಂದು ಪದರ ಬಿಡಿಸಿಕೊಂಡು ಓದಲು ಸಿಗುತ್ತದೆ. ಸಾಮಾನ್ಯ ಕೊಂಡಿ ‘ಇದು ಅಥವಾ ಅದು’ ಎನ್ನುವಾಗ ರೋಸೆನ್‌ಬರ್ಗ್ ‘ಇದೂ ಅದೂ’ ಎನ್ನುವ ಕೊಂಡಿಯನ್ನು ಹುಡುಕುತ್ತಿದ್ದರು. ಕೃತಿ ಸುಲಭವಲ್ಲ, ಆದರೆ ಆ ಹುಡುಕಾಟ ಇನ್ನೂ ಮುಗಿದಿಲ್ಲ ಎಂಬ ಕಾರಣಕ್ಕೆ ಅದನ್ನು ನೋಡಲೇಬೇಕು.

ವೆಬ್ ಬಂದ ಮೇಲಿನ ಕೃತಿಗಳಲ್ಲಿ ಆರಂಭಿಕರಿಗೆ ನಾನು ಸೂಚಿಸುವುದು ಸ್ಟೆಫನಿ ಸ್ಟ್ರಿಕ್‌ಲ್ಯಾಂಡ್ 1999ರಲ್ಲಿ ಪ್ರಕಟಿಸಿದ ‘ದಿ ಬ್ಯಾಲಡ್ ಆಫ್ ಸ್ಯಾಂಡ್ ಅಂಡ್ ಹ್ಯಾರಿ ಸೂಟ್’ ಎಂಬ, ಮರಳು ಮತ್ತು ಹ್ಯಾರಿ ಮಸಿ ಎಂಬಿಬ್ಬರ ಪ್ರೇಮದ ಲಾವಣಿಯನ್ನು. ಮರಳಿನಲ್ಲಿ ಸಿಲಿಕಾನ್ ಇದೆ, ಮಸಿಯಲ್ಲಿ ಇಂಗಾಲವಿದೆ. ಹಾಗಾಗಿ ಇದು ಯಂತ್ರಕ್ಕೂ ಮನುಷ್ಯನಿಗೂ ನಡುವಿನ ಪ್ರೇಮವೂ ಹೌದು. ಅದನ್ನು ಅನುಕ್ರಮವಾಗಿ, ಯಾದೃಚ್ಛಿಕವಾಗಿ ಅಥವಾ ಕೊಂಡಿಗಳನ್ನು ಹಿಡಿದು, ಹೀಗೆ ಮೂರು ರೀತಿಯಲ್ಲಿ ಓದಬಹುದು. ಮೂರನ್ನೂ ಓದಿದರೆ ಕೊಂಡಿ ಏನನ್ನು ಕೂಡಿಸುತ್ತದೆ ಎಂಬುದು ನನ್ನ ಯಾವ ವಿವರಣೆಗಿಂತಲೂ ಚೆನ್ನಾಗಿ ತಿಳಿಯುತ್ತದೆ. 1999ರಲ್ಲೇ ಸ್ಥಾಪನೆಯಾದ ಎಲೆಕ್ಟ್ರಾನಿಕ್ ಲಿಟರೇಚರ್ ಆರ್ಗನೈಸೇಷನ್ 2006, 2011, 2016 ಮತ್ತು 2022ರಲ್ಲಿ ಹೊರತಂದ ನಾಲ್ಕು ಸಂಕಲನಗಳು ಉಚಿತವಾಗಿ ಲಭ್ಯವಿವೆ. ಹುಡುಕಾಟವನ್ನು ಅಲ್ಲಿಂದ ಮುಂದುವರಿಸಬಹುದು.

ಆ ಕಾಲದ ವಿಮರ್ಶೆಯನ್ನು ಓದುವಾಗ ಮಾತ್ರ ಎಚ್ಚರವಿರಲಿ. 1990ರ ದಶಕದ ಆರಂಭದಲ್ಲಿ ಜಾರ್ಜ್ ಲ್ಯಾಂಡೋ ಮೊದಲಾದವರು ಹೈಪರ್‌ಟೆಕ್ಸ್ಟ್‌ನಲ್ಲಿ ಓದುಗರೇ ಲೇಖಕರಾಗುತ್ತಾರೆ ಎಂಬ ಧಾಟಿಯಲ್ಲಿ ಉತ್ಸಾಹದಿಂದ ಬರೆದರು. ಎಸ್ಪೆನ್ ಆರ್ಸೆತ್ 1997ರಲ್ಲಿ ಅದನ್ನು ಪ್ರಶ್ನಿಸಿದರು, ಮತ್ತು ನಾನು ಆರ್ಸೆತ್ ಅವರ ಪಕ್ಷ. ಕವಿ ಇಟ್ಟ ಮೂರು ಕೊಂಡಿಗಳಲ್ಲಿ ಒಂದನ್ನು ಒತ್ತುವುದು ಸೃಷ್ಟಿಯಲ್ಲ. ಹೈಪರ್‌ಲಿಂಕ್ ಕವಿತೆಯಲ್ಲಿ ಕವಿಯ ಹಿಡಿತ ಹೋಗುವುದಿಲ್ಲ, ಜಾಗ ಬದಲಿಸುತ್ತದೆ: ಅನುಕ್ರಮದ ಮೇಲಿದ್ದ ಹಿಡಿತ ನೆರೆಹೊರೆಯ ಮೇಲಿನ ಹಿಡಿತವಾಗುತ್ತದೆ.

ಇದನ್ನು ಲೆಕ್ಕದಿಂದ ನೋಡಿದರೆ ಬರವಣಿಗೆಯ ವಿಧಾನವೂ ಸಿಗುತ್ತದೆ. ಒಂಬತ್ತು ಪುಟಗಳ ಕವಿತೆ, ಪ್ರತಿ ಪುಟದಲ್ಲೂ ಮೂರು ಕೊಂಡಿಗಳು ಎಂದುಕೊಳ್ಳಿ. ಓದುಗರು ಐದು ಸಲ ಕ್ಲಿಕ್ ಮಾಡಿದರೆ ಹಿಡಿಯಬಹುದಾದ ದಾರಿಗಳು 243. ಅಷ್ಟು ಕವಿತೆಗಳನ್ನು ಯಾರೂ ತಿದ್ದಲಾರರು, ತಿದ್ದಬೇಕಾಗಿಯೂ ಇಲ್ಲ. ಕೊಂಡಿಗಳು ಇರುವುದು 27 ಮಾತ್ರ. ಪ್ರತಿ ಕೊಂಡಿಯನ್ನೂ ಒಂದು ದ್ವಿಪದಿಯೆಂದು ಭಾವಿಸಿ: ಒತ್ತುವ ಪದವಿರುವ ಸಾಲು ಒಂದು, ತೆರೆಯುವ ಪುಟದ ಮೊದಲ ಸಾಲು ಇನ್ನೊಂದು. ಈ 27 ಜೋಡಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಒಂದೊಂದನ್ನೂ ಗಟ್ಟಿಯಾಗಿ ಓದಿ. ನಡುವೆ ಏನೂ ಘಟಿಸದ ಜೋಡಿ ಕಂಡರೆ ಕೊಂಡಿಯ ಪದವನ್ನು ಬದಲಿಸಿ, ಇಲ್ಲವೇ ಕೊಂಡಿಯನ್ನೇ ಕಿತ್ತುಹಾಕಿ. ನನ್ನ ಅನುಭವದಲ್ಲಿ ಮೊದಲ ಕರಡಿನ ಕೊಂಡಿಗಳಲ್ಲಿ ಬಹಳಷ್ಟು ಹೀಗೆ ಹೋಗುತ್ತವೆ, ಹೋಗಬೇಕಾದ್ದೇ. ಒಂದು ಪುಟದಲ್ಲಿ ಒಂದೇ ಕೊಂಡಿ ಉಳಿದರೂ ತೊಂದರೆಯಿಲ್ಲ. ಎಲ್ಲ ಪುಟಗಳಲ್ಲೂ ಸಮಾನ ಸಂಖ್ಯೆಯ ಕೊಂಡಿಗಳಿರಬೇಕೆಂಬ ಆಸೆ ಅಂದಕ್ಕಾಗಿ ಹುಟ್ಟುವಂಥದು, ಕವಿತೆಗೆ ಅದರ ಅಗತ್ಯವಿಲ್ಲ.

ಓದುಗರು ಓದಿದ ಪುಟಕ್ಕೇ ಮರಳಿ ಬರುವುದನ್ನು ದೋಷವೆಂದು ತಿಳಿಯುವವರಿದ್ದಾರೆ. ಪಲ್ಲವಿಗೆ ಒಗ್ಗಿಕೊಂಡವರಿಗೆ ಈ ಅಂಜಿಕೆ ಬೇಡ. ಒಂದೊಂದು ಚರಣವಾದ ಮೇಲೂ ಪಲ್ಲವಿ ಬರುತ್ತದೆ, ಮಾತು ಬದಲಾಗದಿದ್ದರೂ ಅದು ಹೊತ್ತಿರುವ ಭಾರ ಬದಲಾಗಿರುತ್ತದೆ. ನಮ್ಮ ಉದಾಹರಣೆಯಲ್ಲಿ ಲೇಖನಿಯ ಪುಟದ ‘ಬರೆಯದಿರಲೆಂದು’ ಎಂಬ ಪದವನ್ನು ಮೊದಲ ಪುಟಕ್ಕೆ ಹಿಂದಿರುಗಿಸಿದರೆ, ‘ಅರ್ಧ ಬರೆದ ಕಾಗದ’ ಎಂಬ ಸಾಲನ್ನು ಎರಡನೆಯ ಸಲ ಓದುವಾಗ ಬರೆದವರು ಯಾರೆಂಬ ಅನುಮಾನ ಮೂಡುತ್ತದೆ. ಬರೆದವಳು ಅವಳೋ, ಬರೆಯುತ್ತಿದ್ದ ‘ನಾನು’ವೋ? ಮರಳಿಕೆ ಕೆಟ್ಟದೆನಿಸುವುದು ಮರಳಿ ಬಂದವರಿಗೆ ಮೊದಲ ಸಲ ಕಂಡದ್ದೇ ಕಂಡಾಗ.

ಮುಕ್ತಾಯದ ಪ್ರಶ್ನೆ ಇನ್ನೂ ಕಠಿಣ. ಪುಸ್ತಕದಲ್ಲಿ ಇನ್ನೆಷ್ಟು ಉಳಿದಿದೆ ಎಂಬುದು ಬೆರಳಿಗೇ ಗೊತ್ತಾಗುತ್ತದೆ, ಇಲ್ಲಿ ಗೊತ್ತಾಗುವುದಿಲ್ಲ. 1990ರಲ್ಲಿ ಪ್ರಕಟವಾದ ಮೈಕೆಲ್ ಜಾಯ್ಸ್ ಅವರ ಪ್ರಸಿದ್ಧ ಹೈಪರ್‌ಟೆಕ್ಸ್ಟ್ ಕಥನ, ಓದುಗರಿಗೆ ದಾರಿಗಳು ಸಾಕೆನಿಸಿದಾಗ ಓದು ಮುಗಿಯಿತೆಂಬ ನಿಲುವನ್ನು ತಳೆಯಿತು. ದೀರ್ಘ ಕಥನಕ್ಕೆ ಅದು ಒಪ್ಪಬಹುದು. ಹತ್ತು ಪುಟಗಳ ಕವಿತೆಗೆ ಒಪ್ಪುವುದಿಲ್ಲವೆಂದು ನನ್ನ ಮತ. ಕೊಂಡಿಯೇ ಇಲ್ಲದ ಒಂದು ಪುಟವನ್ನಾದರೂ ಇಡಿ, ಅಥವಾ ಓದಿದ ಕೊಂಡಿಗಳ ಬಣ್ಣ ಬದಲಾಗುವಂತೆ ಬಿಡಿ. ಬ್ರೌಸರ್‌ಗಳು ಓದದ ಕೊಂಡಿಯನ್ನು ನೀಲಿಯಾಗಿ, ಓದಿದ್ದನ್ನು ನೇರಳೆಯಾಗಿ ತೋರಿಸುವುದು ವಾಡಿಕೆ. ನಿಮ್ಮ ಕವಿತೆಗೆ ತಕ್ಕ ಬೇರೆರಡು ಬಣ್ಣಗಳನ್ನು ನೀವೇ ಗೊತ್ತುಪಡಿಸಬಹುದು.

ಇನ್ನು ಸಾಧನಗಳ ವಿಷಯ. ಮೊದಲ ಕವಿತೆಯನ್ನು ರಟ್ಟಿನ ಚೀಟಿಗಳ ಮೇಲೆ ಬರೆಯಿರಿ, ಪ್ರತಿ ಕೊಂಡಿಯ ಪದದ ಕೆಳಗೂ ಗೆರೆ ಎಳೆದು ಹೋಗಬೇಕಾದ ಚೀಟಿಯ ಹೆಸರನ್ನು ಹಿಂಬದಿಯಲ್ಲಿ ಗುರುತಿಸಿ. ಆಮೇಲೆ ಟ್ವೈನ್ ಎಂಬ ಉಚಿತ ಮುಕ್ತ ತಂತ್ರಾಂಶಕ್ಕೆ ಹೋಗಬಹುದು. ಕ್ರಿಸ್ ಕ್ಲಿಮಾಸ್ 2009ರಲ್ಲಿ ಬಿಡುಗಡೆ ಮಾಡಿದ ಇದು ಬ್ರೌಸರ್‌ನಲ್ಲೇ ನಡೆಯುತ್ತದೆ, ಕನ್ನಡವನ್ನು ತೊಡಕಿಲ್ಲದೆ ತೆಗೆದುಕೊಳ್ಳುತ್ತದೆ, ಪ್ರೋಗ್ರಾಮಿಂಗ್ ಬೇಡುವುದಿಲ್ಲ. ಪದವನ್ನು ಜೋಡಿ ಚೌಕಾವರಣದಲ್ಲಿಟ್ಟು, ಬಾಣದ ಗುರುತು ಹಾಕಿ, ಹೋಗಬೇಕಾದ ಪುಟದ ಹೆಸರು ಬರೆದರೆ ಕೊಂಡಿ ಸಿದ್ಧ. ನಮ್ಮ ಉದಾಹರಣೆಯ ಎರಡನೆಯ ಸಾಲು ಅಲ್ಲಿ ಹೀಗಿರುತ್ತದೆ:

ಮೇಜಿನ ಮೇಲೆ [[ಅರ್ಧ->ಲೇಖನಿ]] ಬರೆದ ಕಾಗದ.

ಓದುಗರಿಗೆ ಕಾಣುವುದು ‘ಅರ್ಧ’ ಮಾತ್ರ. ‘ಲೇಖನಿ’ ಎಂಬುದು ನೀವು ಪುಟಕ್ಕಿಟ್ಟುಕೊಂಡ ಹೆಸರು. ಒಂದು ಪುಟವನ್ನು ಹಿಂದೆ ನೋಡಿದ್ದಾರೆಯೇ ಎಂದು ಪರಿಶೀಲಿಸಿ, ನೋಡಿದ್ದರೆ ಬೇರೆ ಸಾಲನ್ನು ತೋರಿಸುವ ಸೌಲಭ್ಯವೂ ಇದೆ, ಆದರೆ ಮೊದಲ ಕವಿತೆಯಲ್ಲಿ ಅದರ ತಂಟೆಗೆ ಹೋಗಬೇಡಿ. ಬ್ರೌಸರ್‌ನಲ್ಲಿ ಬರೆದದ್ದು ಆ ಬ್ರೌಸರ್‌ನ ಸಂಗ್ರಹದಲ್ಲಿ ಮಾತ್ರ ಇರುತ್ತದೆ, ಅದನ್ನು ಅಳಿಸಿದರೆ ಕವಿತೆಯೂ ಅಳಿಯುತ್ತದೆ. ಪ್ರತಿದಿನದ ಕೆಲಸದ ಕೊನೆಗೆ ಪ್ರತಿ ತೆಗೆದಿಟ್ಟುಕೊಳ್ಳಿ. ಟ್ವೈನ್ ನಿಮ್ಮ ಪುಟಗಳನ್ನೆಲ್ಲ ಪೆಟ್ಟಿಗೆಗಳಾಗಿ, ಕೊಂಡಿಗಳನ್ನು ಬಾಣಗಳಾಗಿ ಒಂದು ನಕ್ಷೆಯಲ್ಲಿ ತೋರಿಸುತ್ತದೆ. ಆ ನಕ್ಷೆ ನೋಡಲು ಚೆಂದ, ಬಹುಬೇಗ ಮರುಳು ಮಾಡುತ್ತದೆ. ಓದುಗರಿಗೆ ಅದು ಎಂದೂ ಕಾಣುವುದಿಲ್ಲವೆಂಬುದು ನೆನಪಿರಲಿ.

ಕನ್ನಡ ಲಿಪಿಗೆ ಸಂಬಂಧಿಸಿದ ಮೂರು ಸಣ್ಣ ತೊಡಕುಗಳನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಪದದ ಒಂದು ಭಾಗಕ್ಕೆ, ಉದಾಹರಣೆಗೆ ವಿಭಕ್ತಿ ಪ್ರತ್ಯಯಕ್ಕೆ ಮಾತ್ರ, ಕೊಂಡಿ ಹಾಕಬೇಕೆನ್ನಿಸಬಹುದು. ‘ಅವಳಿಗೆ’ ಎಂಬಲ್ಲಿ ‘ಗೆ’ ಬೇರೆ ಅಕ್ಷರವಾದ್ದರಿಂದ ಅಡ್ಡಿಯಿಲ್ಲ. ‘ಮನೆಯಲ್ಲಿ’ ಎಂಬಲ್ಲಿ ‘ಅಲ್ಲಿ’ಯನ್ನು ಬೇರ್ಪಡಿಸಲಾಗದು, ಏಕೆಂದರೆ ಅದರ ‘ಅ’ಕಾರ ‘ಯ’ದೊಳಗೆ ಸೇರಿಹೋಗಿದೆ. ಒತ್ತಕ್ಷರದ ನಡುವೆ ಕೊಂಡಿಯ ಗಡಿ ಬಿದ್ದರೆ ಅಕ್ಷರದ ಆಕಾರವೇ ಕೆಡಬಹುದು, ಆದ್ದರಿಂದ ಗಡಿ ಯಾವಾಗಲೂ ಪೂರ್ಣ ಅಕ್ಷರದ ಅಂಚಿನಲ್ಲಿರಲಿ. ಎರಡನೆಯದು ಅಡಿಗೆರೆ: ಇಂದಿನ ಬ್ರೌಸರ್‌ಗಳು ಅಕ್ಷರದ ಕೆಳಭಾಗ ತಾಗುವಲ್ಲಿ ಗೆರೆಯನ್ನು ತುಂಡರಿಸುತ್ತವೆ, ಒತ್ತುಗಳು ಹೆಚ್ಚಿರುವ ಪದದಲ್ಲಿ ಗೆರೆ ಚೂರುಚೂರಾಗಿ ಕಾಣುತ್ತದೆ, ಗೆರೆಯನ್ನು ಇನ್ನಷ್ಟು ಕೆಳಗಿಳಿಸಿ ಅಥವಾ ಬಣ್ಣದ ಜೊತೆಗೆ ಬೇರೊಂದು ಗುರುತನ್ನು ಬಳಸಿ. ಮೂರನೆಯದು ಬೆರಳು: ಒಂದೇ ಅಕ್ಷರದ ಕೊಂಡಿ ಫೋನಿನಲ್ಲಿ ಒತ್ತಲು ಸಿಗುವುದಿಲ್ಲ. ವೆಬ್‌ನ ಸುಗಮ್ಯತೆಯ ಮಾರ್ಗಸೂಚಿಗಳು, ವಾಕ್ಯದೊಳಗಿನ ಕೊಂಡಿಗಳಿಗೆ ವಿನಾಯಿತಿ ಕೊಟ್ಟರೂ, ಸಾಮಾನ್ಯವಾಗಿ ಒತ್ತುವ ಜಾಗ ಕನಿಷ್ಠ 24 ಪಿಕ್ಸೆಲ್ ಅಗಲ, 24 ಪಿಕ್ಸೆಲ್ ಎತ್ತರ ಇರಬೇಕೆನ್ನುತ್ತವೆ. ಮೌಸ್ ಸುಳಿದಾಗ ಮಾತ್ರ ಕಾಣಿಸಿಕೊಳ್ಳುವ ಸಾಲುಗಳೂ ಫೋನಿನಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ.

ಬಾಳಿಕೆಯ ಬಗ್ಗೆ ನೀವು ಕೇಳಿಲ್ಲ, ಕೇಳಬೇಕಿತ್ತು. ಹೈಪರ್‌ಕಾರ್ಡ್ ಮಾರಾಟ 2004ರಲ್ಲಿ ನಿಂತಿತು. ಮುಂದಿನ ಪೀಳಿಗೆಯ ಕವಿಗಳು ಅಪಾರವಾಗಿ ನೆಚ್ಚಿಕೊಂಡಿದ್ದ, ವೆಬ್‌ನಲ್ಲಿ ಚಲನೆಯ ಕೃತಿಗಳನ್ನು ತೋರಿಸುವ ತಂತ್ರಾಂಶವಾದ ಫ್ಲ್ಯಾಶ್‌ಗೆ ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಬೆಂಬಲ ನಿಲ್ಲಿಸಿತು. ಅದರಲ್ಲಿ ಕಟ್ಟಿದ ಕೃತಿಗಳನ್ನು ಈಗ ಅನುಕರಣೆಯ ತಂತ್ರಾಂಶಗಳ ಮೂಲಕ ಉಳಿಸಿಕೊಳ್ಳಬೇಕಾಗಿದೆ. ಅದೇ 1990ರ ದಶಕದಲ್ಲಿ ಬರಿಯ ಎಚ್‌ಟಿಎಂಎಲ್‌ನಲ್ಲಿ, ಅಂದರೆ ವೆಬ್ ಪುಟಗಳ ಮೂಲ ಗುರುತು ಭಾಷೆಯಲ್ಲಿ, ಬರೆದ ಪುಟಗಳು ಇಂದಿಗೂ ಯಾವ ಬ್ರೌಸರ್‌ನಲ್ಲಾದರೂ ತೆರೆಯುತ್ತವೆ. ಅಲಂಕಾರ ಕಡಿಮೆಯಾದಷ್ಟೂ ಆಯುಷ್ಯ ಹೆಚ್ಚು. ಟ್ವೈನ್ ಇಡೀ ಕವಿತೆಯನ್ನು ಒಂದೇ ಎಚ್‌ಟಿಎಂಎಲ್ ಕಡತವಾಗಿ ಕೊಡುವುದರಿಂದ ಅದನ್ನು ಹಲವು ಕಡೆ ಇಟ್ಟುಕೊಳ್ಳುವುದು ಸುಲಭ. ಹೊರಗಿನ ಜಾಲತಾಣಗಳಿಗೆ ಮಾತ್ರ ಕವಿತೆಯಿಂದ ಕೊಂಡಿ ಕೊಡಬೇಡಿ. ಆ ಪುಟಗಳು ಮಾಯವಾದ ದಿನ ನಿಮ್ಮ ಸಾಲು ಅರ್ಧಕ್ಕೆ ನಿಲ್ಲುತ್ತದೆ, ಮತ್ತು ಆ ನಿಲುಗಡೆ ನೀವು ಬರೆದದ್ದಾಗಿರುವುದಿಲ್ಲ.

ಕೊನೆಯ ಪ್ರಶ್ನೆ ಮುದ್ರಣದ್ದು. ಕಾಗದದ ಮೇಲೆ ಅನುಕೂಲವಾಗಿ ತೋರಿಸಲಾಗದಷ್ಟು ಜಟಿಲವಾಗಿ ಹೆಣೆದುಕೊಂಡ ಬರಹವನ್ನೇ ನೆಲ್ಸನ್ 1965ರಲ್ಲಿ ಹೈಪರ್‌ಟೆಕ್ಸ್ಟ್ ಎಂದು ಕರೆದಿದ್ದರು. ಹಾಗೆಂದು ಮುದ್ರಿಸಬಾರದೆಂದಿಲ್ಲ. ಪತ್ರಿಕೆಯವರು ಕೇಳಿದರೆ ಎಲ್ಲ ಪುಟಗಳನ್ನೂ ಸಾಲಾಗಿ ಕೊಡುವ ಬದಲು, ನಿಮಗೆ ಮೆಚ್ಚುಗೆಯಾದ ಒಂದು ದಾರಿಯನ್ನು ಮಾತ್ರ ಕೊಡಿ. ಕೊಂಡಿಯ ಪದಗಳನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ, ಇದು ಇಷ್ಟು ಪುಟಗಳ ಕವಿತೆಯ ಒಂದು ಓದು ಎಂದು ಕೆಳಗೆ ಸೂಚಿಸಿ, ಪೂರ್ಣ ಕೃತಿ ಇರುವ ವಿಳಾಸವನ್ನು ಕೊಡಿ.